ತೊಟ್ಟಿಯ ನೀರು ನಲವತ್ತೊಂದು ಡಿಗ್ರಿ

ಮಧ್ಯಾಹ್ನ ಎರಡಕ್ಕೆ ಚಿಲ್ಲರ್ ಕೈಕೊಟ್ಟಿತು.
ರಾಯಚೂರಿನ ಮೇ ತಿಂಗಳು
ಪೈಪಿನೊಳಗಿಂದಲೇ ಕಾರ್ಖಾನೆಗೆ ನುಗ್ಗಿತು.

ಡೈಯ ತುಟಿಯಿಂದ ಇಳಿವ ಕಾದ ಹಾಳೆ
ದಿನವೂ ತಣ್ಣೀರಿಗೆ ಬಿದ್ದು ಬೆಚ್ಚಿ
ಕನ್ನಡಿಯಂತೆ ಏಳುತ್ತಿತ್ತು.
ಇವತ್ತು ಬೆಚ್ಚಲಿಲ್ಲ.
ಉಗುರುಬೆಚ್ಚಗಿನ ನೀರಲ್ಲಿ ಜೋಂಪು ಹತ್ತಿ
ಅಂಬಲಿಯ ತಿಳಿಯಂತೆ ಮಬ್ಬಾಗಿ ಎದ್ದಿತು.

‘ಮೇಡಂ, ಪಟ್ಟಿ ಹನ್ನೊಂದು ಸಲ ಹರೀತ್ರಿ.’
ಹನ್ನೊಂದಲ್ಲ ದಸ್ತಗೀರ, ಹದಿನೇಳು.
ನಾನು ಎಣಿಸಿದ್ದೆ.
ಅವನಿಗೆ ಗಂಟು ಹಾಕುವುದರಲ್ಲೇ ಲೆಕ್ಕ ತಪ್ಪಿತ್ತು.

ಲ್ಯಾಬಿನಲ್ಲಿ ಒಂದು ಚೂರು ಕತ್ತರಿಸಿ
ಒಂದು ಬಿಟ್ಟ ಬೆಳಕನ್ನು ಇನ್ನೊಂದು ತಡೆಯುವ
ಎರಡು ಗಾಜುಗಳ ನಡುವೆ ಇಟ್ಟೆ.
ಕತ್ತಲಲ್ಲಿ ಹೂವುಗಳು.
ಪಕಳೆ ತುಂಬಾ ಬೆಳಕು,
ಒಂದೊಂದರ ನಡುವೆಯೂ ಕಪ್ಪು ಗೀಟುಗಳ ಅಡ್ಡಮುರಿ.
ಚಂದವೇ. ಸುಳ್ಳು ಹೇಳಬಾರದು.

ಆದರೆ ನಮಗೆ ಬೇಕಾದದ್ದು ಚಂದವಲ್ಲ.
ಥಟ್ಟನೆ ತಣಿದರೆ ಹರಳಿಗೆ ಬೆಳೆಯಲು ಪುರುಸೊತ್ತಿಲ್ಲ,
ಸರಪಳಿಗಳು ಇದ್ದಲ್ಲೇ ಇದ್ದಂತೆ,
ಯಾರೋ ಕರೆದರೆಂದು ಅರ್ಧ ಮಡಚಿ ಬಿಟ್ಟ ಸೀರೆ.
ಆ ಅರೆಬರೆಯೇ ಬೇಕು,
ಮುಂದೆ ಒಲೆಯಲ್ಲಿ ಎಳೆದಾಗ ಬಿಚ್ಚಿಕೊಳ್ಳಬೇಕಲ್ಲ.
ಪೂರ್ತಿ ಅರಳಿದ್ದು ಬಗ್ಗುವುದಿಲ್ಲ,
ಹೂವಿಗೂ ಹೂವಿಗೂ ನಡುವಿನ ಬದುವಿನಲ್ಲಿ
ಸೀಳುತ್ತದೆ.

ಲಿಂಗಸೂಗೂರಿನ ಮಾಳಿಗೆ ಮೇಲೆ
ಅವ್ವ ಶಾವಿಗೆ ಎಳೆಯುತ್ತಿದ್ದಳು,
ಕಣಕದ ಮೇಲೆ ಹಸಿ ಬಟ್ಟೆ.
‘ಒಣಗಿದ್ರ ಹರಿತದ, ನೀರಾದ್ರ ಜೋತು ಬೀಳತದ.
ಹದ ನೋಡಿ ಎಳಿಬೇಕವ್ವಾ.’
ಹದವೆಂದರೆ ಎಷ್ಟು ಡಿಗ್ರಿ, ಅವಳು ಹೇಳಲಿಲ್ಲ.
ಈಗ ಕೇಳಿದರೆ ಬಯ್ಯುತ್ತಾಳೆ.

‘ಬರಫ್ ತರ್ಸೂಣೇನ್ರಿ?’ ಎಂದ ದಸ್ತಗೀರ.
ಮೀನು ಮಾರ್ಕೆಟ್ಟಿನ ಕಡೆಯಿಂದ ಟೆಂಪೋ ಬಂತು,
ನೆಲ್ಲುಹೊಟ್ಟಿನಲ್ಲಿ ಹೂತ ಎಂಟು ಗಡ್ಡೆ.
ತೊಳೆಯಲು ಯಾರಿಗೆ ವ್ಯವಧಾನ?
ಹಾಗೇ ತೊಟ್ಟಿಗೆ.
ಮೂವತ್ತಾರು. ಮೂವತ್ತೊಂದು. ಇಪ್ಪತ್ತೇಳು.
ಹಾಳೆ ತಿಳಿಯಾಗುತ್ತ ಬಂತು,
ಅದರಾಚೆ ಮೊದಲು ಅವನ ಅಂಗಿ ಕಂಡಿತು,
ಆಮೇಲೆ ಗುಂಡಿ,
ಆಮೇಲೆ ಗುಂಡಿಯ ನಾಲ್ಕು ತೂತು.

ಸೀಳಿದ ಪಟ್ಟಿಗಳು ಒಲೆ ಹೊಕ್ಕವು.
ಒಲೆಯಾಚೆಯ ರೋಲರು ಈಚೆಯದಕ್ಕಿಂತ ಐದು ಪಟ್ಟು ಜೋರು.
ಅಲ್ಲಿ, ಕಣ್ಣಿಗೆ ಕಾಣದಲ್ಲಿ, ಮಡಿಕೆಗಳು ಬಿಚ್ಚಿ
ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ.

ಸಾಹುಕಾರರ ಅಳಿಯ ಬಂದು ನಿಂತ.
‘ಏಳಕ್ಕ ಹಚ್ಚ್ರಿ. ತೆಳ್ಳಗಾಗ್ತದ, ಮಾಲು ಉಳೀತದ.’
ಹಚ್ಚಿದೆವು, ಐದು ನಿಮಿಷ.
ದಸ್ತಗೀರ ಒಂದು ಪಟ್ಟಿ ತೆಗೆದು
ತುದಿಗೆ ಉಗುರು ತಾಗಿಸಿದ.
ಜೋಳದ ದಂಟಿನ ಸಿಪ್ಪೆಯಂತೆ
ಉದ್ದಕ್ಕೂ ಎರಡಾಯಿತು, ನಾಲ್ಕಾಯಿತು, ಕೂದಲಾಯಿತು.
ಎಳೆದ ಕಡೆಗೆ ಉಕ್ಕು, ಅಡ್ಡಕ್ಕೆ ಏನೂ ಇಲ್ಲ.
ಮಾತಾಡದೆ ಅದನ್ನು ಅಳಿಯನ ಕೈಗಿಟ್ಟ.
ಮತ್ತೆ ಐದು.

ಕೊನೆಯ ಬಿಸಿ ರೋಲರು ಒಂದು ಗುಲಗಂಜಿಯಷ್ಟು ನಿಧಾನ.
ಎಳೆದದ್ದನ್ನು ಕಾವಿನಲ್ಲೇ ತುಸು ಹಿಂದಕ್ಕೆ ಬಿಡಬೇಕು.
ಬಿಡದಿದ್ದರೆ ಅದು ನೆನಪಿಟ್ಟುಕೊಳ್ಳುತ್ತದೆ,
ಎಂದೋ ಬಿಸಿಲಿಗೆ ನಿಂತ ಲಾರಿಯಲ್ಲಿ
ಚೀಲವೆಲ್ಲ ಸೊರಗಿ ಮುದುಡಿ
ಹೊಲಿಗೆ ಬಿಡುತ್ತದೆ.

ರಾತ್ರಿ ಎಂಟಕ್ಕೆ ಉರುಳೆ ಬಿಚ್ಚಿ ನೋಡುವಾಗ
ಒಂದು ಪಟ್ಟಿಯೊಳಗೆ ಹೊಟ್ಟಿನ ಚೂರು.
ತೊಟ್ಟಿಯಲ್ಲಿ ಅಂಟಿಕೊಂಡು
ಒಲೆ ದಾಟಿ, ಐದು ಪಟ್ಟು ಎಳೆತ ದಾಟಿ ಬಂದಿದೆ.
ಅಲ್ಲಿ ಹರಿಯಬೇಕಿತ್ತು.
ಯಾಕೆ ಹರಿಯಲಿಲ್ಲ, ನನ್ನ ಓದಿನಲ್ಲಿ ಉತ್ತರವಿಲ್ಲ.

ಸಿಂಧನೂರಿನ ಮಿಲ್ಲಿನ ಆರ್ಡರು,
ಇಪ್ಪತ್ತೈದು ಕಿಲೋ ಸೋನಾಮಸೂರಿ.
ಅಕ್ಕಿಯಿಂದ ಬೇರಾದ ಹೊಟ್ಟು
ಅಕ್ಕಿಯ ಮಗ್ಗುಲಿಗೇ ಹೊರಟಿದೆ.

ವರದಿಯ ಹಾಳೆಯಲ್ಲಿ ಕೊನೆಯ ಕಲಮು: ಕಲ್ಮಶ.
ಪೆನ್ನು ಸ್ವಲ್ಪ ಹೊತ್ತು ಹಿಡಿದಿದ್ದೆ.
ಇಲ್ಲ, ಎಂದು ಬರೆದೆ.